ನಿಮ್ದು ಬಿಡಿ ಅಕ್ಕಾ, ಗ್ಯಾರಂಟಿ!

ಪಂಚಾಯ್ತಿ ಎಲೆಕ್ಷನ್ನಿಗೆ ಇನ್ನೊಂದೇ ವಾರ. ಇವತ್ತು ಬೆಳಿಗ್ಗೆ ಮನೆಗೆ ಒಂದು ಗುಂಪು ಬಂದಿತ್ತು. ಕ್ಯಾಂಡಿಡೇಟು ಕೈಮುಗಿದು ಹಿಂದೆ ನಿಂತಿದ್ದ. ಮುಂದಿದ್ದ ಹುಡುಗನ ಕೈಯಲ್ಲಿ ಮತದಾರರ ಪಟ್ಟಿ. ಇಣುಕಿ ನೋಡಿದೆ. ಕೆಲವು ಹೆಸರಿನ ಪಕ್ಕ ಕೆಂಪು ಪೆನ್ನಲ್ಲಿ 'ಬೆಂ' ಅಂತ ಗುರುತು. ಬೆಂಗಳೂರು ಅಂತೆ. ನಮ್ಮ ತಮ್ಮನ ಹೆಸರಿಗೆ ಅದರ ಜೊತೆ ಒಂದು ಸುತ್ತು ಬೇರೆ.

"ಅಕ್ಕಾ, ತಮ್ಮನ ನಂಬರ್ ಕೊಡಿ. ಅವರ ಮನೆಯವರದ್ದೂ."

"ನನ್ನ ಓಟು ಬೇಡ್ವೇನಪ್ಪಾ?"

"ನಿಮ್ದು ಬಿಡಿ ಅಕ್ಕಾ, ಗ್ಯಾರಂಟಿ!"

ರಾಜ್ಯದಲ್ಲಿ ಐದು ಗ್ಯಾರಂಟಿ ಅಂದುಕೊಂಡಿದ್ದೆ. ಆರನೆಯದು ನಾನೇ ಅಂತ ಇವತ್ತು ಗೊತ್ತಾಯಿತು.

ನಮ್ಮ ಸಕಲೇಶಪುರ, ಆಲೂರು ಕಡೆ ಕೊನೇ ವಾರದ ಪ್ರಚಾರ ಅಂದರೆ ಇಷ್ಟೇ ಆಗಿಬಿಟ್ಟಿದೆ. ಒಂದು ತಂಡ ಲಗ್ಗೆರೆ, ಸುಂಕದಕಟ್ಟೆ, ಪೀಣ್ಯ ಅಂತ ಬೆಂಗಳೂರಲ್ಲಿ ಮನೆ ಹುಡುಕಿಕೊಂಡು ತಿರುಗುತ್ತದೆ. ಇನ್ನೊಂದು ತಂಡ ಇಲ್ಲಿ ಟಿಟಿ, ಅಂದರೆ ಟೆಂಪೋ ಟ್ರಾವೆಲರ್, ಬುಕ್ ಮಾಡುತ್ತದೆ. ಯಾರು ಎಲ್ಲಿ ಹತ್ತಬೇಕು, ರಾತ್ರಿ ಊಟ ಎಲ್ಲಿ, ವಾಪಸ್ ಎಷ್ಟು ಹೊತ್ತಿಗೆ, ಎಲ್ಲಾ ಪಕ್ಕಾ. ಮದುವೆ ದಿಬ್ಬಣಕ್ಕೂ ಇಷ್ಟು ಓಡಾಡಲ್ಲ. ಸುಮ್ನೆ ಅಲ್ಲ ಬಿಡಿ. ಗ್ರಾಮ ಪಂಚಾಯ್ತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಮೆಂಬರು. ಅದರಲ್ಲಿ ಮಕ್ಕಳನ್ನು ತೆಗೆದರೆ ಓಟು ಎಷ್ಟು ಉಳಿಯುತ್ತದೆ? ಎರಡು ಟಿಟಿ ಜನ ಬಂದಿಳಿದರೆ ಸೋಲುವವನು ಗೆಲ್ಲುತ್ತಾನೆ.

ಲೆಕ್ಕ ಸರಿಯಾಗೇ ಇದೆ. ಆದರೆ ಆ ಲೆಕ್ಕದಲ್ಲಿ ಇಲ್ಲೇ ಇರುವ ನಾವು ಎಲ್ಲಿದ್ದೀವಿ?

ನಮ್ಮ ಕೇರಿ ತಿರುವಿನ ಬೀದಿ ದೀಪ ಕೆಟ್ಟು ಎಷ್ಟೋ ಕಾಲ ಆಯಿತು. ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತದೆ, ಸಂತೋಷ. ಆದರೆ ಅದೇ ತಿರುವಲ್ಲಿ ನಿಂತಿದ್ದರೆ ಕತ್ತಲಲ್ಲಿ ಕಾಣಬೇಕಲ್ಲ? ತೋಟದಿಂದ ಬರುವ ಹೆಂಗಸರು ಕೈಯಲ್ಲಿ ಬ್ಯಾಟರಿ ಹಿಡಿದು, ಜೋರಾಗಿ ಮಾತಾಡಿಕೊಂಡು ಆ ತಿರುವು ದಾಟುತ್ತಾರೆ. ಇದನ್ನು ಅವರ ಮುಂದೆ ಹೇಳಿದೆ. "ಗೆದ್ಮೇಲೆ ಮೊದಲು ಅದೇ ಅಕ್ಕಾ" ಅಂದ, ಪಟ್ಟಿಯಿಂದ ಕಣ್ಣೆತ್ತದೆ. ಬರೆದುಕೊಳ್ಳಲೂ ಇಲ್ಲ. ಪೆನ್ನಂತೂ ಕೈಯಲ್ಲೇ ಇತ್ತು.

ಈಗ ಬೆಂಗಳೂರಿನ ಸ್ನೇಹಿತರು ಕಾಮೆಂಟಲ್ಲಿ ಬರ್ತೀರಿ, ಗೊತ್ತು. "ನಮಗೂ ಊರಲ್ಲಿ ಮನೆ ಇದೆ, ತೋಟ ಇದೆ, ನಾವೇನು ಹೊರಗಿನವರಾ?" ಅಲ್ಲಪ್ಪಾ, ಹೊರಗಿನವರಲ್ಲ. ಬನ್ನಿ, ಹಬ್ಬಕ್ಕೆ ಬನ್ನಿ, ಹಲಸಿನ ಹಣ್ಣು ತಿನ್ನೋಕೆ ಬನ್ನಿ. ಆದರೆ ಪಂಚಾಯ್ತಿಗೂ ವಿಧಾನಸಭೆಯ ಮತದಾರರ ಪಟ್ಟಿಯೇ ಆಧಾರ. ಆ ಪಟ್ಟಿಯಲ್ಲಿ ಇರಬೇಕಾದರೆ ಊರಲ್ಲಿ ವಾಸ ಇರಬೇಕು. ಬರೀ ಮನೆ ಇದೆ ಅಂದರೆ ಸಾಲದು ಅಂತ 1950ರ ಜನಪ್ರಾತಿನಿಧ್ಯ ಕಾಯ್ದೆಯೇ ಹೇಳುತ್ತದೆ. ಬೀಗ ಹಾಕಿದ ಮನೆಗೆ ನಲ್ಲಿ ನೀರು ಬಂದರೆಷ್ಟು, ಬಿಟ್ಟರೆಷ್ಟು?

ಮಧ್ಯಾಹ್ನ ತಮ್ಮನೇ ಫೋನ್ ಮಾಡಿದ್ದ. "ಅಕ್ಕಾ, ಟಿಟಿ ಮಾಡ್ತಾರಂತೆ, ಬರ್ತೀವಿ. ಅಂದಹಾಗೆ ನಮ್ಮ ವಾರ್ಡಿಗೆ ಯಾರ್ಯಾರು ನಿಂತಿರೋದು?"

ಇವನಿಗೆ ಕೆಂಪು ಪೆನ್ನಲ್ಲಿ ಸುತ್ತು!

ನಿಜ ಹೇಳಬೇಕು ಅಂದರೆ ನನಗೆ ಹೊಟ್ಟೆಕಿಚ್ಚೂ ಇದೆ. ಅಮ್ಮ ಆಗಲೇ ಕೋಳಿ ಯಾವುದು ಅಂತ ನೋಡಿಟ್ಟಿದ್ದಾಳೆ. ದಿನಾ ಅವಳ ಬಿಪಿ ಮಾತ್ರೆ ನೋಡಿಕೊಳ್ಳುವವಳು ನಾನು. ನನಗೋಸ್ಕರ ಆ ಮನೆಯಲ್ಲಿ ಯಾವ ಕೋಳಿಯೂ ಜೀವ ಬಿಟ್ಟಿಲ್ಲ. ಕ್ಯಾಂಡಿಡೇಟಿಗೂ ನಮ್ಮಮ್ಮನಿಗೂ ಏನು ವ್ಯತ್ಯಾಸ ಹೇಳಿ. ಇಬ್ಬರಿಗೂ ನನ್ನದು ಗ್ಯಾರಂಟಿ.

ಹೋಗಲಿ, ಕ್ಯಾಂಡಿಡೇಟುಗಳಿಗೆ ನನ್ನದೊಂದು ಬೇಡಿಕೆ. ಇದೇ ಟಿಟಿಗಳನ್ನು ಗ್ರಾಮಸಭೆಗೂ ಬುಕ್ ಮಾಡಿ. ವರ್ಷಕ್ಕೆ ಎರಡು ಸಲವಾದರೂ ನಡೆಯಲೇಬೇಕು ಅಂತ ಇದೆ. ನಡೆದಾಗ ಬರುವವರು ನಾವೊಂದಿಷ್ಟು ಜನ, ಆಶಾ ಕಾರ್ಯಕರ್ತೆ, ಜೊತೆಗೆ ಗಡಿಯಾರ ನೋಡುವ ಪಿಡಿಓ. ಲಗ್ಗೆರೆಯಿಂದ ಒಂದು ಗಾಡಿ ಬರಲಿ, ಬಂದು ಆ ಬೀದಿ ದೀಪ ಯಾಕೆ ಉರಿಯಲ್ಲ ಅಂತ ಕೇಳಲಿ. ಊಟದ ಖರ್ಚು ಬೇಕಾದರೆ ನಂದು. ಅಮ್ಮನ ಹತ್ತಿರ ಇನ್ನೂ ಕೋಳಿಗಳಿವೆ.