ಗಲಾಟೆ ಮಾಡದ ಕಣ್ಣು

ಕಣ್ಣು ಕೆಂಪಗಾದರೆ ಸಾಕು, ಮನೆಮಂದಿಯೆಲ್ಲ ಡಾಕ್ಟರಾಗುತ್ತಾರೆ. ಒಬ್ಬರು ನಂದಿಬಟ್ಟಲು ಹೂ ಇಟ್ಕೋ ಅನ್ನುತ್ತಾರೆ, ಇನ್ನೊಬ್ಬರು ಹರಳೆಣ್ಣೆ ಬಿಡು ಅನ್ನುತ್ತಾರೆ. ತೊಳೆದ ಹೂ ಮುಚ್ಚಿದ ರೆಪ್ಪೆಯ ಮೇಲೆ ತಣ್ಣಗೆ ಕೂತರೆ ಕೂರಲಿ. ಕಣ್ಣೊಳಗೆ ಎಣ್ಣೆ, ಜೇನು ಬಿಡೋದು ಮಾತ್ರ ಬೇಡ. ಮದ್ರಾಸ್ ಐ ಬಂದವರನ್ನು ನೋಡಿದರೇ ಅಂಟುತ್ತದೆ ಅಂತ ಕೂಲಿಂಗ್ ಗ್ಲಾಸ್ ಹಾಕಿಸಿ ಮೂಲೆಗೆ ಕೂರಿಸುತ್ತೇವೆ. ಅದು ಹರಡುವುದು ಕೈಯಿಂದ, ಟವೆಲ್‌ನಿಂದ, ದಿಂಬಿನಿಂದ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗೇ ಹೋಗುತ್ತದೆ.

ಇಷ್ಟು ರಂಪ ಮಾಡುವ ಕಾಯಿಲೆಗಳು ಬಹುಪಾಲು ಪಾಪದವು. ಸದ್ದಿಲ್ಲದೆ ಕೂತಿರುತ್ತವಲ್ಲ, ಅವೇ ಘಾಟಿ. ಕೆಲವಂತೂ ಸಿಹಿಸುದ್ದಿಯ ವೇಷದಲ್ಲೇ ಬರುತ್ತವೆ.

ನಮ್ಮ ದೊಡ್ಡಮ್ಮ ಎಪ್ಪತ್ತು ದಾಟಿದ ಮೇಲೆ ಒಂದು ದಿನ ಕನ್ನಡಕ ಪಕ್ಕಕ್ಕಿಟ್ಟು ಪೇಪರ್ ಓದಿದರು. ಸೂಜಿಗೆ ದಾರವನ್ನೂ ಪೋಣಿಸಿ ತೋರಿಸಿದರು. "ನಿಮ್ಮ ವಯಸ್ಸಿಗೆ ಚಾಳೀಸು, ನನಗೆ ನೋಡು!" ಅಂತ ಬೀಗಿದ್ದೇ ಬೀಗಿದ್ದು. ಎದುರಿಗೆ ಬರುವ ಬಸ್ಸಿನ ಬೋರ್ಡು ಕಾಣದಿದ್ದುದಕ್ಕೆ ಮಾತ್ರ ಬೋರ್ಡು ಬರೆದವನನ್ನೇ ಬೈದರು. ಆಗಿದ್ದು ಇಷ್ಟೇ. ಪೊರೆ ಬರುವಾಗ ಕೆಲವರಿಗೆ ಕಣ್ಣೊಳಗಿನ ಮಸೂರದ ನಡುಭಾಗ ಗಟ್ಟಿಯಾಗಿ, ಸ್ವಲ್ಪ ಕಾಲ ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ದೂರದ್ದು ಮಸುಕಾಗುತ್ತದೆ.

ಇದನ್ನು ಹೇಳಿದರೆ "ಪೊರೆ ಇನ್ನೂ ಬಲಿಯಲಿ ಬಿಡು" ಅಂದರು. ಅದು ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸುತ್ತಿದ್ದ ಕಾಲದ ಮಾತು. ಆಗ ಆಪರೇಷನ್ ಆದವರಿಗೆ ಸೋಡಾಬುಡ್ಡಿ ಕನ್ನಡಕವೇ ಗತಿ. ಈಗ ಕಣ್ಣೊಳಗೇ ಲೆನ್ಸ್ ಕೂರಿಸುತ್ತಾರೆ. ದಿನದ ಕೆಲಸಕ್ಕೆ ತೊಡಕಾದರೆ ಮಾಡಿಸಿಕೊಳ್ಳಬಹುದು. ತುಂಬಾ ಬಲಿತರೆ ತೆಗೆಯೋದೇ ಕಷ್ಟ.

ಪೊರೆ ತೆಗೆದರೆ ದೃಷ್ಟಿಯಾದರೂ ವಾಪಸ್ ಬರುತ್ತದೆ. ಕಣ್ಣಿನ ನರ ಹಾಳಾಗುವ ಗ್ಲಾಕೋಮಾದಲ್ಲಿ ಹೋದದ್ದು ಹೋಯಿತು. ಸಾಮಾನ್ಯವಾಗಿ ನೋವಿಲ್ಲ, ಕೆಂಪಿಲ್ಲ, ನೇರ ನೋಟವೂ ಬಹಳ ದಿನ ಸರಿಯಾಗೇ ಇರುತ್ತದೆ. ಪಕ್ಕದ ನೋಟ ಸವೆಯುತ್ತಾ ಬರುತ್ತದೆ. ನಾವು ಸ್ಟೂಲಿಗೆ ಎಡವಿ, "ಯಾರು ಇಲ್ಲಿಟ್ಟಿದ್ದು?" ಅಂತ ರೇಗುತ್ತೇವೆ. ನಲವತ್ತಾದ ಮೇಲೆ ಚಾಳೀಸಿಗೆ ಅಂತ ಫುಟ್‌ಪಾತಿನ ಕನ್ನಡಕ ಕೊಂಡು ಸುಮ್ಮನಾಗುವ ಬದಲು ಒಮ್ಮೆ ಕಣ್ಣಿನ ಡಾಕ್ಟರ ಹತ್ತಿರ ಹೋದರೆ ಕಣ್ಣಿನ ಒತ್ತಡವನ್ನೂ ನರವನ್ನೂ ನೋಡುತ್ತಾರೆ. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಗ್ಲಾಕೋಮಾ ಇದ್ದರೆ ಇನ್ನೂ ಬೇಗ ಹೋಗಬೇಕು. ಶುಗರ್ ಇದ್ದವರು ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆ, ತೋರಿಸಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡ್ರಾಪ್ಸನ್ನು ತಿಂಗಳುಗಟ್ಟಲೆ ಹಾಕಿಕೊಳ್ಳುವವರಿದ್ದಾರೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಗ್ಲಾಕೋಮಾವನ್ನು ದುಡ್ಡು ಕೊಟ್ಟು ತಂದಂತೆಯೇ.

ಹಾಗಂತ ಗಲಾಟೆಯನ್ನೆಲ್ಲ ಕಡೆಗಣಿಸೋ ಹಾಗಿಲ್ಲ. ಇದ್ದಕ್ಕಿದ್ದಂತೆ ಕಣ್ಣಲ್ಲಿ ಮಿಂಚು ಹೊಡೆದಂತಾಗಿ ಕಪ್ಪು ಚುಕ್ಕೆಗಳು ಮುತ್ತಿದರೆ, ಒಂದು ಬದಿಯಿಂದ ಪರದೆ ಎಳೆದಂತಾದರೆ ಅವತ್ತೇ ಓಡಬೇಕು. ಕೆಂಪಿನ ಜೊತೆ ಜೋರು ನೋವು, ಮಸುಕು ಇದ್ದರೂ ಅಷ್ಟೇ. ಎಲೆಅಡಿಕೆ ಹಾಕುವ ಮನೆಯಲ್ಲಿ ಮಕ್ಕಳು ಸುಣ್ಣದ ಪೊಟ್ಟಣ ಹಿಸುಕಿ ಕಣ್ಣಿಗೆ ಸಿಡಿಸಿಕೊಳ್ಳುತ್ತಾರೆ. ಆಗ ಹೂ, ಎಣ್ಣೆ ಏನೂ ಬೇಡ. ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು.

ಮಾಮೂಲಿ ತಪಾಸಣೆಗೆ ಹೋಗುವಾಗ ಸ್ಕೂಟರ್ ಮನೆಯಲ್ಲೇ ಬಿಡಿ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದರೆ ಕೆಲವು ಗಂಟೆ ಹತ್ತಿರದ್ದೆಲ್ಲ ಮಂಜು, ಬಿಸಿಲು ಚುಚ್ಚುತ್ತದೆ. ಜೊತೆಗೊಬ್ಬರಿದ್ದರೆ ಒಳ್ಳೆಯದು. ಬಿಲ್ ಓದಿ ಹೇಳೋಕಾದರೂ ಬೇಕಲ್ವಾ?