ಹಾವಸೆ ಸಾಕಿದ್ದು

"ಅಮ್ಮಾ, ಸ್ವಲ್ಪ ಹಾವಸೆ ಬೇಕಿತ್ತು."

ಫೋನಿನ ಆ ಕಡೆ ಸದ್ದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಮ್ಮ, "ಅಪ್ಪೆಮಿಡಿ ಅಂದ್ಯಾ?" ಎಂದು ಕೇಳಿದಳು.

"ಅಲ್ಲ, ಹಾವಸೆ. ಬಚ್ಚಲ ಹಿಂದೆ ಬೆಳೆಯುತ್ತಲ್ಲ, ಅದು."

"ಯಾರಿಗೆ ಏನಾಗಿದೆ? ಔಷಧಿಗಾ?"

"ಏನೂ ಆಗಿಲ್ಲ. ಸಾಕೋದಕ್ಕೆ."

ಅಮ್ಮ ಫೋನನ್ನು ಅಪ್ಪನ ಕೈಗೆ ಕೊಟ್ಟಳು. ವಿಷಯ ಕೈಮೀರಿದಾಗ ನಮ್ಮ ಮನೆಯಲ್ಲಿ ಹಾಗೇ ಮಾಡುವುದು. ಅಪ್ಪ "ಬೆಂಗಳೂರಲ್ಲಿ ಗೋಡೆ ಇಲ್ವಾ?" ಎಂದು ಕೇಳಿ ಫೋನ್ ಇಟ್ಟರು.

ಅವರದ್ದು ತಪ್ಪಲ್ಲ. ತೀರ್ಥಹಳ್ಳಿ ಕಡೆಯವರಿಗೆ ಹಾವಸೆ ಅಂದರೆ ಗಿಡ ಅಲ್ಲ, ಶತ್ರು. ಬೆಂಗಳೂರಿನವರು ಪಾಚಿ ಅನ್ನುತ್ತಾರಲ್ಲ, ಅದೇ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಅಂಗಳ, ಮೆಟ್ಟಿಲು, ಬಾವಿಕಟ್ಟೆ, ಹೆಂಚು, ಅಡಿಕೆ ಮರ ಎಲ್ಲ ಅದರ ಪಾಲು. ಜಾರದಿರಲಿ ಎಂದು ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿದರೆ, ಕೆಲವೇ ದಿನಕ್ಕೆ ದಬ್ಬೆಯೇ ಅಂಗಳಕ್ಕಿಂತ ಜಾಸ್ತಿ ಜಾರುತ್ತದೆ. ಬ್ಲೀಚಿಂಗ್ ಪೌಡರ್ ಎರಚಿ, ಗಟ್ಟಿ ಬ್ರಷ್ಷು ಹಿಡಿದು, ಬೈಯುತ್ತ ಉಜ್ಜುವುದು ಅಮ್ಮನ ಮಳೆಗಾಲದ ವ್ರತ. ನಮ್ಮ ದೊಡ್ಡಪ್ಪ ಒಂದೇ ಮಳೆಗಾಲದಲ್ಲಿ ಎರಡು ಸಲ ಜಾರಿ ಬಿದ್ದು ಎರಡೂ ಕೈ ಮುರಿದುಕೊಂಡವರು. ಊರಿನಲ್ಲಿ ವರ್ಷಕ್ಕೊಬ್ಬರಾದರೂ ಬೀಳಬೇಕು. ಯಾರೂ ಬೀಳಲಿಲ್ಲ ಅಂದರೆ ಆ ವರ್ಷ ಮಳೆ ಸಾಲದು ಅಂತ ಲೆಕ್ಕ.

ಇಂಥ ಮನೆತನದವನಾದ ನನ್ನ ತಲೆ ಕೆಟ್ಟದ್ದು ಒಂದು ಫೋಟೋದಿಂದ. ಜಪಾನಿನ ಕ್ಯೋಟೋದಲ್ಲಿ ಸೈಹೋಜಿ ಅಂತ ಒಂದು ಬೌದ್ಧ ದೇವಾಲಯ ಇದೆ. ಜನ ಅದನ್ನು ಕೊಕೆದೆರಾ ಅನ್ನುತ್ತಾರೆ, ಅಂದರೆ ಹಾವಸೆ ಗುಡಿ. ಅದರ ತೋಟದಲ್ಲಿ 120ರಷ್ಟು ಬಗೆಯ ಹಾವಸೆ ಇದೆಯಂತೆ. 1994ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಸುಮ್ನೆ ಹೋಗಿ ನೋಡುವ ಹಾಗಿಲ್ಲ. ಮೊದಲೇ ಅರ್ಜಿ ಹಾಕಬೇಕು, ದುಡ್ಡು ಕಟ್ಟಬೇಕು. ನಾನು ನಮ್ಮ ಬಚ್ಚಲ ಹಿಂದಿನ ಜಾಗವನ್ನು ನೆನೆಸಿಕೊಂಡೆ. ಎಂಥಾ ಆಸ್ತಿಯನ್ನು ವರ್ಷವರ್ಷ ಉಜ್ಜಿ ಚರಂಡಿಗೆ ಬಿಟ್ಟಿದ್ದೇವೆ ಅಂತ ಹೊಟ್ಟೆ ಉರಿಯಿತು. ನಮ್ಮ ಬಾಲ್ಕನಿ 4 ಅಡಿ ಅಗಲ, 9 ಅಡಿ ಉದ್ದ. ಬಟ್ಟೆ ಒಣಗಿಸುವ ಸ್ಟ್ಯಾಂಡು ಬಿಟ್ಟು ಉಳಿದದ್ದು ಕ್ಯೋಟೋ ಆಗಲಿ ಅಂದುಕೊಂಡೆ.

ಊರಿಂದ ಬರಲಿಲ್ಲವಲ್ಲ, ನರ್ಸರಿಗೆ ಹೋದೆ. "ಮಾಸ್ ಇದೆಯಾ?" ಅಂದೆ. ಅಲ್ಲಿನ ಹುಡುಗ, "ನಮ್ದೆಲ್ಲಾ ಮಾಸೇ ಸಾರ್" ಅಂದ. ಮೊದಲು ಕೊಟ್ಟಿದ್ದು ಅಜ್ಜನ ಗಡ್ಡದ ಹಾಗೆ ನೇತಾಡುವ ಬೂದಿ ಬಣ್ಣದ್ದು, ಸ್ಪ್ಯಾನಿಷ್ ಮಾಸ್. ಮನೆಗೆ ತಂದು ಹುಡುಕಿ ನೋಡಿದರೆ ಅದು ಮಾಸೇ ಅಲ್ಲ, ಅನಾನಸಿನ ನೆಂಟ. ವಾಪಸ್ ಹೋದೆ. ಎರಡನೆಯದು ಹಸಿರು ಗರಿಗರಿಯಾಗಿ ಚೆನ್ನಾಗಿತ್ತು. ಅದು ಸೆಲಾಜಿನೆಲ್ಲ, ಬೇರುಗೀರು ಎಲ್ಲ ಇರುವ, ಜರಿಗಿಡದ ದೂರದ ಬಳಗ. ಮಾಸಿಗೆ ನಿಜವಾದ ಬೇರೇ ಇರುವುದಿಲ್ಲ, ಹಿಡಿದುಕೊಳ್ಳುವುದಕ್ಕೆ ನೂಲಿನಂಥ ಎಳೆ ಅಷ್ಟೇ. ಮೂರನೇ ಸಲ ಪ್ಯಾಕೆಟ್ಟು ಕೊಟ್ಟ, ಸ್ಫ್ಯಾಗ್ನಮ್, ಆರ್ಕಿಡ್ ನೆಡುವವರು ಬಳಸುವಂಥದ್ದು. ಅದು ಅಪ್ಪಟ ಮಾಸ್, ಆದರೆ ಒಣಗಿಸಿದ್ದು. ಮೂರು ಸಲ ಹೋಗಿ ಸಿಕ್ಕಿದ ಒಂದೇ ಒಂದು ಅಸಲಿ ಮಾಲು, ಅದೂ ಹೆಣ.

ಕೊನೆಗೆ ಅಪ್ಪ ಹೇಳಿದ್ದೇ ಸರಿ ಅನ್ನಿಸಿತು. ಅಪಾರ್ಟ್‌ಮೆಂಟಿನ ಹಿಂದಿನ ಕಾಂಪೌಂಡ್ ಗೋಡೆ ಮೇಲೆ ಟ್ಯಾಂಕಿನ ನೀರು ಸೋರುವ ಕಡೆ ಒಂದು ಪಟ್ಟಿ ಹಸಿರಿತ್ತು. ಭಾನುವಾರ ಬೆಳಿಗ್ಗೆ ಹಳೇ ಎಟಿಎಂ ಕಾರ್ಡು ಹಿಡಿದು ಕೆರೆಯಲು ನಿಂತೆ. ವಾಚ್‌ಮನ್ ಬಂದು ನೋಡಿದ. "ಬಿಡಿ ಸಾರ್, ಅದಕ್ಕೆ ಜನ ಬರ್ತಾರೆ, ನೀವ್ಯಾಕೆ" ಅಂದ. ಆ ತಿಂಗಳ ಮೇಂಟೆನೆನ್ಸ್ ನಾನಿನ್ನೂ ಕಟ್ಟಿರಲಿಲ್ಲ. ಅದಕ್ಕೇ ಈ ಶಿಕ್ಷೆ ಅಂತ ಅವನು ತಿಳಿದನೋ ಏನೋ.

ಈಗ ಮೊಸರಿನ ವಿಷಯ. ಮಾಸ್ ಬೆಳೆಸುವುದು ಹೇಗೆ ಅಂತ ಮೊಬೈಲಿನಲ್ಲಿ ಹುಡುಕಿದವರಿಗೆಲ್ಲ ಸಿಗುವ ಪಾಕ ಒಂದೇ. ಒಂದು ಹಿಡಿ ಮಾಸ್, ಒಂದು ಲೋಟ ಮೊಸರು ಅಥವಾ ಮಜ್ಜಿಗೆ, ಒಂದು ಚಮಚ ಸಕ್ಕರೆ. ಮಿಕ್ಸಿಗೆ ಹಾಕಿ ತಿರುಗಿಸಿ. ಎಲ್ಲಿ ಬೇಕೋ ಅಲ್ಲಿ ಬಳಿಯಿರಿ. ನಾನು ಚಟ್ನಿ ಜಾರು ತೆಗೆದುಕೊಂಡೆ. ಆವತ್ತಿನಿಂದ ಆ ಜಾರಿನಲ್ಲಿ ನಮ್ಮ ಮನೆಯಲ್ಲಿ ಚಟ್ನಿ ಆಗಿಲ್ಲ.

ಬಳಿಯುವುದಕ್ಕೆ ಒಳ್ಳೆಯ ಜಾಗ ಬೇಕಲ್ಲ. ಅಟ್ಟದ ಮೇಲೆ ಅಜ್ಜಿಯ ಕಾಲದ ತಾಮ್ರದ ಹರಿವಾಣ ಇತ್ತು. ಹುಣಸೆಹುಳಿ ಹಚ್ಚಿ ತಿಕ್ಕಿದೆ, ಮುಖ ಕಾಣುವ ಹಾಗೆ ಬೆಳಗಿತು. ಮಣ್ಣು ಹಾಕಿ, ನಡುವೆ ಎರಡು ಕಲ್ಲು ಇಟ್ಟು, ಮಣ್ಣಿಗೂ ಕಲ್ಲಿಗೂ ಅಂಚಿಗೂ ಧಾರಾಳವಾಗಿ ಮೊಸರುಗೊಜ್ಜು ಬಳಿದೆ.

ಎರಡನೇ ದಿನ ವಾಸನೆ ಶುರುವಾಯಿತು. ಮೂರನೇ ದಿನ ಸಕ್ಕರೆಗೆ ಇರುವೆ ಬಂದವು, ಸಾಲಾಗಿ, ಮದುವೆ ಮನೆಗೆ ಬಂದ ಹಾಗೆ. ನಾಲ್ಕನೇ ದಿನ ಕಲ್ಲಿನ ಮೇಲೆ ಬಿಳಿ ಬೂಷ್ಟು. "ರೀ, ಅದು ನಿಮ್ಮ ಜಪಾನಾ, ಇಲ್ಲಾ ಹಳಸಿದ ಮೊಸರನ್ನಾನಾ?" ಅಂತ ಹೆಂಡತಿ ಬಾಲ್ಕನಿ ಬಾಗಿಲು ಹಾಕಿದಳು. ಆದರೆ ಐದನೇ ದಿನ ನೋಡುತ್ತೇನೆ, ಹರಿವಾಣದ ಅಂಚಿನ ಸುತ್ತ ಹಸಿರು! ತಿಳಿ ಹಸಿರು, ಸ್ವಲ್ಪ ನೀಲಿ ಬೆರೆತ ಹಾಗೆ, ಎಷ್ಟು ಚೆಂದ. ಹತ್ತು ಫೋಟೋ ತೆಗೆದೆ. ಮನೆಯವರ ವಾಟ್ಸಾಪ್ ಗುಂಪಿಗೆ "ಚಿಗುರಿದೆ!" ಅಂತ ಬರೆದು ಹಾಕಿದೆ. ಚಿಕ್ಕಮ್ಮ ಕೈಮುಗಿಯುವ ಚಿತ್ರ ಕಳಿಸಿದಳು. ಅತ್ತಿಗೆ "ಅಭಿನಂದನೆಗಳು" ಅಂದಳು, ಅವಳು ಏನು ಚಿಗುರಿದೆ ಅಂತ ತಿಳಿದಳೋ ದೇವರಿಗೇ ಗೊತ್ತು.

ಹತ್ತು ನಿಮಿಷಕ್ಕೆ ಅಪ್ಪನ ಫೋನು. ಅಪ್ಪ ತಾವಾಗಿ ಫೋನ್ ಮಾಡುವುದು ಯಾರಾದರೂ ತೀರಿಕೊಂಡರೆ, ಇಲ್ಲ ಅಡಿಕೆ ರೇಟು ಏರಿದರೆ.

"ಹರಿವಾಣಕ್ಕೆ ಮೊಸರು ಹಾಕಿದ್ಯಾ?"

"ಹೌದು, ಪಾಕದಲ್ಲಿ ಹಾಗೇ..."

"ಅದು ಹಾವಸೆ ಅಲ್ಲ ಮಾರಾಯ. ಕಿಲುಬು."

ನಾನು ಸುಮ್ಮನಾದೆ. ತಾಮ್ರದಲ್ಲಿ ಹುಳಿ ಇಟ್ಟರೆ ಕಿಲುಬು ಬರುತ್ತದೆ ಅಂತ ಯಾವ ಮನೆಯ ಮಗುವಿಗೆ ಗೊತ್ತಿಲ್ಲ? ಆದರೆ ಅಪ್ಪ ಅಷ್ಟಕ್ಕೇ ಬಿಡಲಿಲ್ಲ, ಪಾಠ ಒಪ್ಪಿಸಿಕೊಂಡರು.

"ಕೊಳೆ ರೋಗಕ್ಕೆ ಅಡಿಕೆ ಕೊನೆಗೆ ಏನು ಹೊಡಿತೀವಿ?"

"ಬೋರ್ಡೋ."

"ಅದರಲ್ಲಿ ಏನಿದೆ?"

"100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ."

"ಮೈಲುತುತ್ತ ಅಂದ್ರೆ?"

"...ತಾಮ್ರ."

"ಹಾಂ. ಬೂಷ್ಟಿಗೂ ಆಗಲ್ಲ, ಹಾವಸೆಗೂ ಆಗಲ್ಲ. ನೀನು ಅದಕ್ಕೆ ವಿಷದ ತಟ್ಟೇಲಿ ಊಟ ಹಾಕಿದೀಯ."

ಹರಿವಾಣ ಮತ್ತೆ ಹುಣಸೆಹುಳಿ ಕಂಡಿತು. ಈ ಸಲ ತಿಕ್ಕಿದ್ದು ಹೆಂಡತಿ, ಒಂದೂ ಮಾತಾಡದೆ. ಅದು ಬೈಗುಳಕ್ಕಿಂತ ಜೋರಾಗಿ ಕೇಳಿಸಿತು.

ಕಿಲುಬಿನಿಂದ ಒಂದು ಲಾಭ ಆಯಿತು. ಗೌರಿಹಬ್ಬಕ್ಕೆ ಊರಿಗೆ ಹೋದಾಗ ಅಮ್ಮನಿಗೇ ಪಾಪ ಅನ್ನಿಸಿರಬೇಕು. ದೋಸೆ ಸಟ್ಟುಗ ಹಿಡಿದು ಬಾವಿಕಟ್ಟೆ ಹತ್ತಿರ ಕರೆದುಕೊಂಡು ಹೋದಳು. ಹುಟ್ಟಿದಾಗಿನಿಂದ ಅವಳು ಹಾವಸೆ ಕೆರೆಯುವುದನ್ನು ನೋಡಿದ್ದೇನೆ. ಹರಿಯದ ಹಾಗೆ ಎಬ್ಬಿಸಿದ್ದು ಅದೇ ಮೊದಲು. ಸಟ್ಟುಗವನ್ನು ಅಡಿಗೆ ತೂರಿಸಿ, ಸುತ್ತ ಬಿಡಿಸಿ, ತೆಳ್ಳೇವಿನ ಹಾಗೆ ಇಡಿಯಾಗಿ ತೆಗೆದು ಬಾಳೆ ಎಲೆ ಮೇಲೆ ಇಟ್ಟಳು. ನಾನು ಹತ್ತಿರ ಕಣ್ಣಿಟ್ಟು ನೋಡಿದೆ. ಜಾರುವ ಹಸಿರು ಅಂತ ಅಷ್ಟು ವರ್ಷ ಅಂದುಕೊಂಡಿದ್ದರ ಒಳಗೆ ಪುಟ್ಟ ಪುಟ್ಟ ಎಲೆ ಹೊತ್ತ ಕಾಂಡಗಳು. ಅಲ್ಲಲ್ಲಿ ಕೂದಲಿನಂಥ ಕೆಂಪು ಕಡ್ಡಿ, ತುದಿಗೆ ಗಸಗಸೆ ಕಾಳಿನಷ್ಟು ಕೊಡ, ಕೊಡಕ್ಕೆ ಟೋಪಿ. ಬೀಜದ ಬದಲು ಅದು ಹಾರಿಸುವ ಧೂಳು ಆ ಕೊಡದಲ್ಲಿ ಇರುತ್ತದೆ. "ಇದನ್ನೆಲ್ಲ ನೋಡ್ತಾ ಕೂತಿದ್ರೆ ಅಂಗಳ ತೊಳೆಯೋರು ಯಾರು" ಅಂದಳು ಅಮ್ಮ. ಆದರೂ ಅವಳೂ ಬಗ್ಗಿ ನೋಡಿದಳು.

ಬಸ್ಸಿನಲ್ಲಿ ನನ್ನ ಚೀಲದಲ್ಲಿ ಒಂದೇ ಥರದ ಎರಡು ಸ್ಟೀಲ್ ಡಬ್ಬಿ. ಒಂದರಲ್ಲಿ ಪತ್ರೊಡೆ. ಪಕ್ಕದ ಸೀಟಿನ ಹಿರಿಯರ ಜೊತೆ ಮಾತು ಚೆನ್ನಾಗಿ ಕೂಡಿತ್ತು, ಒಂದು ಡಬ್ಬಿ ತೆಗೆದು "ತಗೊಳ್ಳಿ, ಅಮ್ಮ ಮಾಡಿದ್ದು" ಅಂದೆ. ಅವರು ಬಾಳೆ ಎಲೆ ಬಿಡಿಸಿದರು. ಮೊಬೈಲ್ ಬೆಳಕು ಹಾಕಿ ನೋಡಿದರು. ನನ್ನ ಮುಖ ನೋಡಿದರು. "ಇದು... ಒಗ್ಗರಣೆ ಹಾಕಿದ್ದಾ?" ಅಂದರು. ಮಲೆನಾಡಿನವರ ಊಟದ ಬಗ್ಗೆ ಜನಕ್ಕೆ ಎಷ್ಟು ನಂಬಿಕೆ ಇದೆ ನೋಡಿ, ಅದು ಅಡುಗೆ ಅಲ್ಲ ಅಂತ ಅವರಿಗೆ ಅನ್ನಿಸಲೇ ಇಲ್ಲ.

ಬೆಂಗಳೂರಿಗೆ ಬಂದ ಹಾವಸೆಗೆ ಈ ಸಲ ಮಣ್ಣಿನ ತಟ್ಟೆ, ನೆರಳು, ದಿನಕ್ಕೆ ಮೂರು ಸಲ ಸ್ಪ್ರೇ. ಎರಡು ವಾರಕ್ಕೆ ಅದರ ಮೇಲೆ ಬಿಳಿ ಪುಡಿ. ಬೋರಿನ ನೀರು. ನಮ್ಮ ನಲ್ಲಿಯ ಬಾಯಿಗೆ ಕಟ್ಟುವ ಬಿಳಿ ಕರೆಯೇ ಹಾವಸೆಗೂ ಕಟ್ಟಿತ್ತು. ಅದು ನೀರು ಕುಡಿಯುವುದು ಎಲೆಯಿಂದಲೇ, ಹಾಗಾಗಿ ಉಪ್ಪೆಲ್ಲ ಎಲೆ ಮೇಲೇ. ಉಪ್ಪಿಲ್ಲದ ನೀರು ಎಲ್ಲಿ ಸಿಗುತ್ತೆ? ಮೇಲಿನ ಮನೆಯ ಎಸಿ ಪೈಪು ನಮ್ಮ ಬಾಲ್ಕನಿಗೆ ತೊಟ್ಟಿಕ್ಕುತ್ತದೆ ಅಂತ ಎರಡು ವರ್ಷ ಜಗಳ ಆಡಿದವನು ನಾನು. ಅದರ ಕೆಳಗೆ ಬಕೆಟ್ ಇಟ್ಟೆ. ಲಿಫ್ಟಿನಲ್ಲಿ ಸಿಕ್ಕಾಗ ಆ ಮನೆಯಾಕೆಗೆ "ತುಂಬಾ ಸೆಖೆ ಅಲ್ವಾ ಮೇಡಂ, ರಾತ್ರಿ ಪೂರ್ತಿ ಎಸಿ ಹಾಕ್ಕೊಳ್ಳಿ" ಅಂದೆ. ಮಾರನೇ ದಿನವೇ ಪ್ಲಂಬರ್ ಕರೆಸಿ ಪೈಪು ತಿರುಗಿಸಿಬಿಟ್ಟರು. ವ್ಯಂಗ್ಯ ಮಾಡಿದೆ ಅಂದುಕೊಂಡರು, ಪಾಪ.

ಉಳಿದದ್ದನ್ನು ಗೊರವಂಕಗಳು ನೋಡಿಕೊಂಡವು. ಒಂದು ಬೆಳಿಗ್ಗೆ ಜೋಡಿಯಾಗಿ ಬಂದು, ಹುಳ ಹುಡುಕುವುದಕ್ಕೆ ಇಡೀ ತಟ್ಟೆಯನ್ನು ಮಗುಚಿ ಹಾಕಿ ಹೋದವು.

ಆಮೇಲೆ ಗೊತ್ತಾಯಿತು, ಆ ಕ್ಯೋಟೋ ತೋಟವನ್ನೂ ಯಾರೂ ಹಾವಸೆಗೆ ಅಂತ ಮಾಡಿದ್ದಲ್ಲ. 1339ರ ಸುಮಾರಿಗೆ ಮುಸೋ ಸೋಸೆಕಿ ಎಂಬ ಝೆನ್ ಗುರು ತೋಟ ರೂಪಿಸಿದ್ದು. ನೂರಾರು ವರ್ಷ ಆದ ಮೇಲೆ, ನೋಡಿಕೊಳ್ಳಲು ದುಡ್ಡಿಲ್ಲದೆ ಪಾಳು ಬಿದ್ದಾಗ, ಹಾವಸೆ ತಾನಾಗಿ ಬಂದು ಕೂತಿತು. ಇದನ್ನು ಹೆಂಡತಿಗೆ ಹೇಳಬಾರದಿತ್ತು. "ಪಾಳು ಬಿಡೋದು ನಿಮಗೆ ಚೆನ್ನಾಗಿ ಬರುತ್ತಲ್ಲ, ಆ ಕಾರು ನೋಡಿ" ಅಂದಳು.

ನಮ್ಮ ಕಾರು ಹೊಂಗೆ ಮರದ ಕೆಳಗೆ ನಿಲ್ಲುತ್ತದೆ. ಮಳೆಗಾಲ ಪೂರ್ತಿ ನಾನದನ್ನು ಒರೆಸಿರಲಿಲ್ಲ, ಬಾಲ್ಕನಿಯಲ್ಲಿ ಕೆಲಸ ಇತ್ತಲ್ಲ. ಹೋಗಿ ನೋಡಿದರೆ ಎಡಗಡೆ ಮುಂದಿನ ಕಿಟಕಿಯ ರಬ್ಬರ್ ಬೀಡಿಂಗ್ ಉದ್ದಕ್ಕೂ ಒಂದು ಗೆರೆ, ದಪ್ಪ, ಮೆತ್ತಗೆ, ಕಡು ಹಸಿರು. ಕೆಂಪು ಕಡ್ಡಿ, ಟೋಪಿ ಹಾಕಿದ ಕೊಡ, ಎಲ್ಲ ಇತ್ತು. ಮೊಸರಿಲ್ಲ, ಸ್ಪ್ರೇ ಇಲ್ಲ.

ಅಲ್ಲಿಂದ ಆ ಕಿಟಕಿ ಇಳಿಸುವುದನ್ನು ನಿಲ್ಲಿಸಿದೆವು. ಸರ್ವೀಸಿಗೆ ಬಿಟ್ಟಾಗ "ಎಡಗಡೆ ಕಿಟಕಿ ಮುಟ್ಟಬೇಡಿ" ಅಂತ ಕಾರ್ಡಿನಲ್ಲಿ ಬರೆಸಿದೆ. ಬರೆದುಕೊಂಡವನು ವಾಸ್ತುನಾ ಅಂತ ಕೇಳಿದ. ಹೌದು ಅಂದೆ.

ಕಳೆದ ತಿಂಗಳು ಅಮ್ಮ ಬಂದಳು. ಬೆಳಗಿನ ಜಾವ ಬಸ್ ಸ್ಟ್ಯಾಂಡಿನಿಂದ ಕರೆದುಕೊಂಡು ಹೊರಟೆ. ಮುಂದಿನ ಸೀಟಿನಲ್ಲಿ ಕೂತ ಅಮ್ಮ ಊರಿನ ಸುದ್ದಿ ಎಲ್ಲ ಹೇಳಿದಳು: ದೊಡ್ಡಪ್ಪನ ಮಂಡಿ, ಅಡಿಕೆ ರೇಟು, ಯಾರದೋ ಮದುವೆ ಮುರಿದದ್ದು. ಮಧ್ಯೆ "ಗಾಳಿ ಬರಲಿ" ಅಂತ ತಾನೇ ಗಾಜು ಇಳಿಸಿದಳು. ನನ್ನ ಕಣ್ಣು ಸಿಗ್ನಲ್ ಮೇಲಿತ್ತು. ಮನೆ ಹತ್ತಿರ ಬಂದು ನೋಡಿದರೆ ಅಮ್ಮನ ಕೈಯಲ್ಲಿ ತಲೆಯಿಂದ ತೆಗೆದ ಪಿನ್ನು. ಬೀಡಿಂಗ್ ಈ ತುದಿಯಿಂದ ಆ ತುದಿವರೆಗೂ ಕರ್ರಗೆ, ಹೊಸದರ ಹಾಗೆ ಹೊಳೆಯುತ್ತಿತ್ತು. ಮಾತಾಡುತ್ತ ಮಾತಾಡುತ್ತ ಕೆರೆದಿದ್ದಾಳೆ.

ನಾನು ಬಾಯಿ ತೆರೆಯುವ ಮೊದಲೇ ಬಸ್ ಟಿಕೆಟ್ಟಿನ ಒಂದು ಪೊಟ್ಟಣ ನನ್ನ ಕೈಗಿಟ್ಟಳು.

"ತಗೋ. ಬಿಸಾಕಿಲ್ಲ. ನಿಂಗೆ ಬೇಕಿತ್ತಲ್ಲ."