ವೇದಿಕೆ ನೆನೆಯಲಿಲ್ಲ

ಜಿಲ್ಲಾ ಮಟ್ಟದ ಮತ್ತೊಂದು ಬೃಹತ್ ಸಮಾರಂಭಕ್ಕಾಗಿ ತುಮಕೂರಿನಲ್ಲಿ ಪೂರ್ವಭಾವಿ ಸಭೆ ನಡೆದಿರುವ ಸುದ್ದಿಯನ್ನು ಪತ್ರಿಕೆಯ ಒಳಪುಟದಲ್ಲಿ ಓದಿದೆ. ಯಾವುದೇ ಲೋಪವಾಗದಂತೆ ಅಚ್ಚುಕಟ್ಟಾಗಿ ನಿರ್ವಹಿಸಬೇಕು, ಶಿಷ್ಟಾಚಾರ ಪಾಲನೆಯಲ್ಲಿ ಎಚ್ಚರ ತಪ್ಪಬಾರದು, ಜನರನ್ನು ಕರೆತರುವ ಹೊಣೆ ಆಯಾ ತಾಲ್ಲೂಕಿನವರದು ಎಂದು ಸೂಚಿಸಲಾಗಿದೆಯಂತೆ. ಕಳೆದ ವರ್ಷದ ಸಭೆಯಲ್ಲೂ ಇವೇ ಮಾತುಗಳಿದ್ದವು. ಆ ಸಮಾರಂಭ ಹೇಗೆ ನಡೆಯಿತೆಂಬುದನ್ನು ಅಲ್ಲಿ ಮಳೆಯಲ್ಲಿ ನೆನೆದವರಿಗೆ ಮತ್ತೆ ಹೇಳಬೇಕಾಗಿಲ್ಲ. ನಾನೂ ನೆನೆದವರಲ್ಲಿ ಒಬ್ಬ.

ಬಯಲಿನಲ್ಲಿ ಮದುವೆಯ ಚಪ್ಪರ ಹಾಕುವ ಮನೆಯವರು ಮೊದಲು ಆಕಾಶ ನೋಡುತ್ತಾರೆ. ನಮ್ಮ ಸಂಘಟಕರು ಮೊದಲು ನೋಡುವುದು ಆಹ್ವಾನ ಪತ್ರಿಕೆಯ ಕರಡನ್ನು. ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುವ ಆ ಪತ್ರಿಕೆಯಲ್ಲಿ ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು ಎಂಬ ಅಂತಸ್ತುಗಳಿರುತ್ತವೆ. ಒಂದು ಹೆಸರು ಬಿಟ್ಟುಹೋದರೆ ಮರುಮುದ್ರಣ, ಅಕ್ಷರ ಸಣ್ಣದಾದರೆ ಕಾರಣ ಕೇಳಿ ನೋಟಿಸು. ಘನ ಉಪಸ್ಥಿತಿಗೂ ಗೌರವ ಉಪಸ್ಥಿತಿಗೂ ಇರುವ ಅಂತರ ನನಗೆ ಇಂದಿಗೂ ಬಗೆಹರಿದಿಲ್ಲ. ಶಾಲೆಯಲ್ಲಿ ಓದಿದ ಘನ, ದ್ರವ, ಅನಿಲಗಳ ಪೈಕಿ ದ್ರವದ ಉಪಸ್ಥಿತಿಯೊಂದು ಮಾತ್ರ ಪತ್ರಿಕೆಯಲ್ಲಿ ಅಚ್ಚಾಗದಿದ್ದರೂ ಸಮಯಕ್ಕೆ ಸರಿಯಾಗಿ ಬಂದಿತು. ಎಲ್ಲ ಹೆಸರುಗಳೂ ಮುಗಿದ ಮೇಲೆ, ಕಟ್ಟಕಡೆಯಲ್ಲಿ, ‘ಸರ್ವರಿಗೂ ಆದರದ ಸ್ವಾಗತ’ ಎಂಬ ಸಾಲಿರುತ್ತದೆ. ಮೈದಾನದಲ್ಲಿ ಕೂರುವವರು ಆ ಸಾಲಿನವರು.

ದಿನಾಂಕ ನಿಗದಿಯಾಗುವುದೂ ಗಣ್ಯರ ಬಿಡುವಿನಿಂದಲೇ. ನಮ್ಮ ಸೀಮೆಯಲ್ಲಿ ಜೋರು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಎಂಬುದು ರಾಗಿ ಬಿತ್ತುವವರಿಗೆಲ್ಲ ತಿಳಿದ ಸಂಗತಿ. ಅಕ್ಟೋಬರ್ ನಡುವಿನ ಚಿತ್ತೆ ಮಳೆಯನ್ನು ಹಿರಿಯರು ಕುರುಡು ಚಿತ್ತೆ ಎಂದರು. ಅದು ಎಲ್ಲಿ ಎರಚೀತೆಂಬುದು ಅದಕ್ಕೇ ಗೊತ್ತಿರುವುದಿಲ್ಲ. ಕಳೆದ ವರ್ಷ ಎರಚಿದ್ದು ನಮ್ಮ ಶಾಮಿಯಾನದ ಮೇಲೆ.

ವೇದಿಕೆಗೆ ನೀರಿಳಿಯದ ಜರ್ಮನ್ ಟೆಂಟು, ಜನರಿಗೆ ಬಟ್ಟೆಯ ಶಾಮಿಯಾನ. ಮಳೆ ಹಿಡಿದ ಹತ್ತೇ ನಿಮಿಷಕ್ಕೆ ಬಟ್ಟೆ ನೀರು ತುಂಬಿಕೊಂಡು ಗುಡಾಣದ ಹೊಟ್ಟೆಯಂತೆ ಜೋತುಬಿತ್ತು. ಪೆಂಡಾಲಿನ ಹುಡುಗನೊಬ್ಬ ಬೊಂಬು ತಂದು ಆ ಹೊಟ್ಟೆಯನ್ನು ಕೆಳಗಿನಿಂದ ಎತ್ತಿದ. ನೀರು ಅಂಚಿಗೆ ಹರಿದುಹೋಗಲಿ ಎಂಬುದು ಅವನ ಲೆಕ್ಕ. ಹರಿದದ್ದು, ಪಾವಗಡದ ಕಡೆಯಿಂದ ಬೆಳಗಿನ ಜಾವವೇ ಬಸ್ಸು ಹತ್ತಿಸಿ ಕರೆತಂದಿದ್ದ ಹೆಂಗಸರ ಸಾಲಿನ ಮೇಲೆ, ಕೊಡಗಟ್ಟಲೆ. ಅವರು ಕುಳಿತಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನೇ ತಲೆಯ ಮೇಲೆ ಮಗುಚಿಕೊಂಡು ನಿಂತರು. ‘ವರುಣದೇವನೂ ಹರಸಿದ್ದಾನೆ, ದಯಮಾಡಿ ಯಾರೂ ಎದ್ದು ಹೋಗಬಾರದು’ ಎಂದು ನಿರೂಪಕರು ಮೈಕಿನಲ್ಲಿ ಕೋರಿದರು. ನನ್ನ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು, ‘ಅವ್ರೂ ಈ ಕಡೆ ಬಂದು ಹರಸಿಕೊಳ್ಳಲಿ ಕಣಪ್ಪ’ ಎಂದರು.

ಸಂಚಾರಿ ಶೌಚಾಲಯವೂ ಒಂದಿತ್ತು, ಬೀಗ ಹಾಕಿಸಿಕೊಂಡು. ಬೀಗದ ಕೈ ಕೇಳಿದರೆ, ಇಟ್ಟುಕೊಂಡವರು ವೇದಿಕೆಯ ಮೇಲಿದ್ದಾರೆ, ಭಾಷಣಗಳು ಮುಗಿಯಲಿ ಎಂಬ ಉತ್ತರ ಬಂತು. ಭಾಷಣಗಳು ಏಳಿದ್ದವು.

ಇದಕ್ಕೆಲ್ಲ ನಗಬಹುದಿತ್ತು. ಆದರೆ 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್‌ಘರ್‌ನಲ್ಲಿ ಪ್ರಶಸ್ತಿ ಪ್ರದಾನ ಸಮಾರಂಭಕ್ಕೆಂದು ಜನರನ್ನು ನೆರಳಿಲ್ಲದ ಬಯಲಿನಲ್ಲಿ ಗಂಟೆಗಟ್ಟಲೆ ಕೂರಿಸಿದಾಗ 10ಕ್ಕೂ ಹೆಚ್ಚು ಮಂದಿ ಬಿಸಿಲಿನ ಹೊಡೆತಕ್ಕೆ ಸತ್ತರು; ಅಲ್ಲಿಯೂ ವೇದಿಕೆಗೆ ನೆರಳಿತ್ತು. 2024ರ ಅಕ್ಟೋಬರ್ 6ರಂದು ಚೆನ್ನೈನ ಮರೀನಾದಲ್ಲಿ ವಾಯುಪಡೆಯ ಪ್ರದರ್ಶನ ನೋಡಲು ಹೋದವರಲ್ಲಿ 5 ಮಂದಿ ತೀರಿಕೊಂಡರು. 2025ರ ಜೂನ್ 4ರಂದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದರು, ಒಳಗೆ ಸಂಭ್ರಮ ನಡೆಯಿತು. ಇಷ್ಟಾದ ಮೇಲೆ ಮೊನ್ನೆಯ ಸಭೆಯ ಸುದ್ದಿಯಲ್ಲಿ ನೀರು, ನೆರಳು, ಹೊರಹೋಗುವ ದಾರಿ ಎಂಬ ಮಾತುಗಳನ್ನು ಎರಡೆರಡು ಬಾರಿ ಹುಡುಕಿದೆ. ಹಾರ, ಪೇಟ, ಸ್ಮರಣಿಕೆ ಸಿಕ್ಕಿದವು. ಇವರಿಗೆ ಅರ್ಥವಾಗಲು ಇನ್ನೆಷ್ಟು ಹೆಣ ಬೇಕು? ಬರೆದು ಬರೆದು ನನಗೂ ಸಾಕಾಗಿದೆ.

ಇದನ್ನು ಕಲಿಸಲು ದೂರದಿಂದ ತಜ್ಞರು ಬರಬೇಕಾಗಿಲ್ಲ. ಶಿವರಾತ್ರಿಯ ಹೊತ್ತಿನಲ್ಲಿ ಸಿದ್ಧಗಂಗೆಯ ದನಗಳ ಜಾತ್ರೆಗೆ ಹಳ್ಳಿಕಾರ್ ಜೋಡಿಯನ್ನು ಹಿಡಿದು ಬರುವ ರೈತ, ಗೂಟ ಹೊಡೆಯುವ ಮೊದಲು, ಮಧ್ಯಾಹ್ನದ ನೆರಳು ಯಾವ ಕಡೆ ತಿರುಗುತ್ತದೆ, ನೀರಿನ ತೊಟ್ಟಿ ಎಷ್ಟು ದೂರ ಎಂದು ನೋಡಿಕೊಳ್ಳುತ್ತಾನೆ. ಎತ್ತು ಅವನ ಸ್ವಂತದ್ದು. ಬಸ್ಸಿನಲ್ಲಿ ಬಂದ ಹೆಂಗಸರು ಯಾರ ಸ್ವಂತ? ಅವರು ತಾಲ್ಲೂಕಿಗೆ ಇಂತಿಷ್ಟು ತಲೆ ಎಂಬ ಲೆಕ್ಕದಲ್ಲಿ ಬಂದವರು.

ಈ ಸಲದ ದಿನಾಂಕವನ್ನು ಪಂಚಾಂಗ ತೆಗೆದು ನೋಡಿದೆ. ಮತ್ತೆ ಚಿತ್ತೆಯೇ. ಶಾಮಿಯಾನದ ಗುತ್ತಿಗೆಯೂ ಹಳಬರಿಗೇ ಸಿಕ್ಕಿದೆಯಂತೆ. ಬೊಂಬಿನ ಹುಡುಗನಿಗಾದರೂ ಈಗ ಒಂದು ವರ್ಷದ ಅನುಭವವಿದೆ.